ಸ್ವಿಚ್ಚು ಹಾಕಿದರೆ ಧನರಾಜಣ್ಣ

ಮುಂಬಯಿಯ ದಹಿಸರಿನ ಕನ್ನಡ ಬಳಗದ ಹಾಲ್‌ನಲ್ಲಿ ಹೆಸರಿಲ್ಲದ ವಸ್ತು ಒಂದೂ ಇಲ್ಲ. ತಲೆ ಎತ್ತಿದರೆ ಫ್ಯಾನಿನ ರೆಕ್ಕೆಯ ಮೇಲೆ ಒಬ್ಬರ ಹೆಸರು, ತಲೆ ತಗ್ಗಿಸಿದರೆ ಕುರ್ಚಿಯ ಬೆನ್ನಿಗೆ ಇನ್ನೊಬ್ಬರದು. ಟ್ಯೂಬ್‌ಲೈಟಿನ ಮೇಲಂತೂ ದಾನಿಯ ಹೆಸರು, ಅವರ ಊರು, ಅವರ ಹೋಟೆಲಿನ ವಿಳಾಸ ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬರೆಸಿ, ಬೆಳಕು ಹೊರಗೆ ಬರಲು ಎರಡು ತುದಿ ಮಾತ್ರ ಬಿಟ್ಟಿದ್ದಾರೆ. ನೀರು ಕುಡಿಯಲು ಸ್ಟೀಲ್ ಲೋಟ ಎತ್ತಿದರೆ ಅದರ ಕಂಠದಲ್ಲಿ ಯಾರದೋ ತಾಯಿಯ ಸ್ಮರಣಾರ್ಥ ಎಂದು ಕೆತ್ತಿರುತ್ತದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ವಿನೋದಿನಿಗೆ ಇದೆಲ್ಲ ಚಿಕ್ಕಂದಿನಿಂದಲೇ ರೂಢಿ. ಯಾರ ಹೆಸರಿನ ಗಾಳಿಯೋ ಯಾರ ಹೆಸರಿನ ನೀರೋ, ಸಿಕ್ಕರೆ ಸಾಕು ಎಂದುಕೊಂಡೇ ಅವಳು ದೊಡ್ಡವಳಾದದ್ದು. ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೂ ಹೆಸರು ಬರೆಸಬಹುದೆಂದು ಬಳಗದ ಅಧ್ಯಕ್ಷ ಧನರಾಜಣ್ಣನಿಗೆ ಗೊತ್ತಾದ ದಿನ ಅವಳ ತಾಳ್ಮೆ ಕೆಟ್ಟುಹೋಯಿತು.

ಗೊತ್ತು ಮಾಡಿಸಿದವನು ಬಾಂದ್ರಾದ ಒಬ್ಬ ಕಂಪ್ಯೂಟರ್ ಅಂಗಡಿಯವನು. ಧನರಾಜಣ್ಣನ ಹೋಟೆಲಿಗೆ ಹೊಸ ಬಿಲ್ಲಿಂಗ್ ಯಂತ್ರ ತಂದುಕೊಟ್ಟಾಗ, ಖುಷಿಪಡಿಸಲೆಂದು, ಸ್ವಿಚ್ಚು ಹಾಕಿದ ಕೂಡಲೇ ಹೋಟೆಲಿನ ಲಾಂಛನವೇ ಪರದೆಯ ಮೇಲೆ ಮೂಡುವಂತೆ ಮಾಡಿಕೊಟ್ಟನಂತೆ. ಆ ಪುಣ್ಯಾತ್ಮ ಕೈಗೆ ಸಿಕ್ಕರೆ ಎರಡು ಬಿಗಿಯಬೇಕು ಎಂದು ವಿನೋದಿನಿ ಆಮೇಲೆ ಎಷ್ಟು ಸಲ ಅಂದುಕೊಂಡಳೋ.

ಬಳಗದ ಕಂಪ್ಯೂಟರುಗಳು ಧನರಾಜಣ್ಣ ಕೊಟ್ಟವಲ್ಲ. ವಿನೋದಿನಿ ಪವಾಯಿಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅಲ್ಲಿ ಗುಜರಿಗೆ ಹೊರಟಿದ್ದ ಐದು ಹಳೆಯ ಯಂತ್ರಗಳನ್ನು ಮೇಲಿನವರ ಕೈಕಾಲು ಹಿಡಿದು ಕೇಳಿ ಪಡೆದು, ಟೆಂಪೋದಲ್ಲಿ ತಂದು, ಹಳತು ಕಿತ್ತು ಹೊಸತು ಕೂರಿಸಿ ಓಡುವ ಹಾಗೆ ಮಾಡಿದವಳು ಅವಳು. ಬಳಗ ಕೊಟ್ಟದ್ದು ವೇದಿಕೆಯ ಹಿಂದಿನ ಒಂದು ಕೋಣೆ. ಅದಕ್ಕೂ ಮೊದಲು ಅಲ್ಲಿ ಕೇಟರಿಂಗಿನವರ ಹಂಡೆ, ಸೌಟು ಇರುತ್ತಿದ್ದವು. ಧನರಾಜಣ್ಣ ಟೇಬಲ್ ಮತ್ತು ಎಸಿ ಕೊಟ್ಟದ್ದು ಹೌದು, ಅದಕ್ಕೆ ಎರಡರ ಮೇಲೂ ಅವರ ಹೆಸರು ಇದೆ.

ಆ ಕೋಣೆಯಲ್ಲಿ ಭಾನುವಾರ ಅವಳು ನಡೆಸುವ ಕಂಪ್ಯೂಟರ್ ಕ್ಲಾಸಿಗೆ ಬರುವವರು ಬಳಗದ ಹೋಟೆಲು ಮಾಲೀಕರ ಮಕ್ಕಳಲ್ಲ. ಅವರ ಮನೆಗಳಲ್ಲಿ ಕೋಣೆಗೊಂದು ಲ್ಯಾಪ್‌ಟಾಪ್ ಇದೆ. ಬರುವವರು ಸ್ಟೇಷನ್ನಿನ ಆಚೆಯ ಚಾಳಿನ ಹೆಂಗಸರು, ವಿಜಾಪುರ ಕಲಬುರ್ಗಿ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತ ಕುಟುಂಬದವರು. ಅವರಲ್ಲಿ ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ತಡವಾಗಿ ಏಳುವವಳು ಗುರುಬಾಯಿ. ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಮೆಟ್ಟಿಲು ಗುಡಿಸಿ ಒರೆಸುವವಳು. ಸೊಸೈಟಿಯ ಆಫೀಸಿನಲ್ಲಿ ಕೂತು ಹೋಗಿ ಬರುವವರ ಹೆಸರು ಟೈಪು ಮಾಡುವ ಕೆಲಸ ಖಾಲಿಯಾಗಲಿದೆ, ಕಂಪ್ಯೂಟರ್ ಕಲಿತುಕೊಂಡರೆ ನಿನಗೇ ಕೊಡುತ್ತೇವೆ ಎಂದು ಅಲ್ಲಿನ ಮ್ಯಾನೇಜರ್ ಮಾತು ಕೊಟ್ಟಿದ್ದಾನೆ. ಗುರುಬಾಯಿಯ ಮೊಣಕಾಲು ಸವೆದುಹೋಗಿದೆ. ಮೆಟ್ಟಿಲು ಬಿಟ್ಟು ಕುರ್ಚಿಗೆ ಬರಬೇಕಾದರೆ ಅವಳಿಗೆ ಇರುವ ದಾರಿ ಈ ಕೋಣೆ ಒಂದೇ. ಕನ್ನಡದಲ್ಲಿ ಹೇಳಿಕೊಡುವ ಕ್ಲಾಸು ಆ ಸುತ್ತಿನಲ್ಲಿ ಬೇರೆ ಇಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಕ್ಲಾಸಿಗೆ ಈಗ ಉದ್ಘಾಟನೆ ಆಗಬೇಕೆಂದು ಧನರಾಜಣ್ಣ ಹಟ ಹಿಡಿದರು. ಓಡುತ್ತಿರುವ ಬಂಡಿಗೆ ಪೂಜೆ ಮಾಡುವುದು ಬೇಡವೆನ್ನಲು ವಿನೋದಿನಿ ಯಾರು? ಆಗಲಿ ಎಂದಳು. ಆಮೇಲೆ ಅವರು ಕೋಣೆಗೆ ಬಂದು, ಕುರ್ಚಿ ಎಳೆದು ಕೂತು, ಒಂದು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿಸಿದರು.

"ನೋಡು ವಿನೋದಿನಿ," ಎಂದರು ಪರದೆಯತ್ತ ಬೆರಳು ತೋರಿಸಿ. "ಸ್ವಿಚ್ಚು ಹಾಕಿದ ಕೂಡಲೇ ಯಾವುದೋ ಕಂಪೆನಿಯ ಹೆಸರು ಬರ್ತದೆ. ಆ ಕಂಪೆನಿಯವ ನಮ್ಮ ಬಳಗಕ್ಕೆ ಎಂತ ಕೊಟ್ಟಿದ್ದಾನೆ?"

"ಅವ ಎಂತ ಕೊಡ್ತಾನೆ ಧನರಾಜಣ್ಣ? ಯಂತ್ರ ಮಾಡಿದ್ದು ಅವ."

"ಟೇಬಲ್ ನಂದು, ಎಸಿ ನಂದು, ಕರೆಂಟಿನ ಬಿಲ್ಲು ಕೂಡ ಬಳಗದ್ದು. ಅಲ್ಲಿ ನನ್ನ ಫೋಟೋ ಬರಬೇಕು. ಕೆಳಗೆ ನಮ್ಮ ಬಳಗದ ಗುರುತಿನ ದೀಪ, ಅದರ ಕೆಳಗೆ ಹೆಸರು. ನನ್ನ ಹೋಟೆಲಿನಲ್ಲಿ ಮಾಡಿಕೊಟ್ಟಿದ್ದಾರೆ, ಆಗ್ತದೆ."

"ಆಗುವುದಿಲ್ಲ ಅಂತ ಅಲ್ಲ. ಆದ್ರೆ ಇದು ವಾಲ್‌ಪೇಪರ್ ಹಾಕಿದ ಹಾಗೆ ಅಲ್ಲ. ಮದರ್‌ಬೋರ್ಡಿನಲ್ಲಿ ಒಂದು ಸಣ್ಣ ಚಿಪ್ಪು ಉಂಟು. ಕಂಪ್ಯೂಟರ್ ಏಳುವುದು ಹೇಗೆ ಅಂತ ಅದಕ್ಕೇ ಗೊತ್ತು. ಆ ಚಿತ್ರ ಇರುವುದು ಅದರೊಳಗೆ. ಹಳೆಯ ಬೋರ್ಡು ಇವು, ಚಿಪ್ಪನ್ನು ಪೂರ್ತಿ ಅಳಿಸಿ ಪುನಃ ಬರೀಬೇಕು. ಬರೆಯುವಾಗ ಕರೆಂಟ್ ಹೋದ್ರೆ ಯಂತ್ರ ಏಳುವುದೇ ಇಲ್ಲ. ನಿಮಗೆ ವಾಲ್‌ಪೇಪರ್ ಹಾಕಿ ಕೊಡ್ತೇನೆ, ದೊಡ್ಡದು, ಪರದೆ ತುಂಬ."

"ವಾಲ್‌ಪೇಪರ್ ಯಾರು ಬೇಕಾದ್ರೂ ಬದಲಿಸ್ತಾರೆ. ನಾಳೆ ಅಧ್ಯಕ್ಷ ಇನ್ನೊಬ್ಬ ಆದ ಅಂತ ಇಟ್ಟುಕೋ, ಅವನ ಫೋಟೋ ಬಂತು. ಚಿಪ್ಪಿನೊಳಗೆ ಇದ್ರೆ ಗಟ್ಟಿ."

ವಿನೋದಿನಿಗೆ ನಗು ಬರಬೇಕಿತ್ತು, ಬರಲಿಲ್ಲ. ಧನರಾಜಣ್ಣ ಎದ್ದು ಪ್ಯಾಂಟು ಸರಿಮಾಡಿಕೊಳ್ಳುತ್ತ, ಹವಾಮಾನದ ಸುದ್ದಿ ಹೇಳುವವರ ಹಾಗೆ, "ಕೇಟರಿಂಗಿನವರು ಪಾತ್ರೆ ಇಡಲಿಕ್ಕೆ ಈ ರೂಮು ಪುನಃ ಕೇಳ್ತಾ ಇದ್ದಾರೆ. ನಾನೇ ತಡೆದು ಇಟ್ಟದ್ದು," ಎಂದು ಹೇಳಿ ಹೊರಗೆ ಹೋದರು.

ಅವಳ ಮೈಯೆಲ್ಲ ಉರಿದುಹೋಯಿತು. ತಾನು ತಂದ ಯಂತ್ರಕ್ಕೆ, ತಾನು ತುಂಬಿದ ಜೀವಕ್ಕೆ, ಈ ಮನುಷ್ಯನ ಮುಖ! ಅದೂ ಬೆದರಿಸಿ! ರೈಲಿನಲ್ಲಿ ಮನೆಗೆ ಹೋಗುವಾಗ ಎದುರಿಗೆ ಕೂತ ಹೆಂಗಸು ಸುಮ್ಮನೆ ನೋಡಿದ್ದಕ್ಕೇ ಅವಳ ಮೇಲೆ ಹಾರಿಬಿದ್ದಳು. ಆದರೂ ಶನಿವಾರ ಬಂದಾಗ ಚಿಪ್ಪಿನೊಳಗಿದ್ದದ್ದನ್ನೆಲ್ಲ ಮೊದಲು ಒಂದು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, ಕಂಪೆನಿಯ ಚಿತ್ರ ಇದ್ದ ಜಾಗದಲ್ಲಿ ಧನರಾಜಣ್ಣನ ಚಿತ್ರ ಕೂರಿಸಿ, ಒಂದೊಂದೇ ಯಂತ್ರಕ್ಕೆ ಬರೆದಳು. ಅಲ್ಲಿ ದೊಡ್ಡ ಚಿತ್ರ ಹಿಡಿಸುವುದಿಲ್ಲ. ಸುತ್ತಲೂ ಕಪ್ಪು ಬಿಟ್ಟು, ನಡುವೆ ದುಂಡಗೆ ಮುಖ, ಅವರು ಹೇಳಿದ ಹಾಗೇ ಕೆಳಗೆ ದೀಪ, ಅದರ ಕೆಳಗೆ ಹೆಸರು. ಎಷ್ಟು ಬರೆದಾಯಿತೆಂದು ತೋರಿಸುವ ಗೆರೆ ಪರದೆಯ ಮೇಲೆ ಮುಂದೆ ಸರಿಯುತ್ತಿದ್ದಷ್ಟು ಹೊತ್ತೂ ಕರೆಂಟು ಹೋಗದಿರಲಿ ಎಂದು ದೇವರನ್ನು ಬೇಡಿದಳು, ಬೇಡುತ್ತಲೇ ಧನರಾಜಣ್ಣನನ್ನು ಬೈದಳು. ಚಿತ್ರ ಹೇಗೆ ಕಾಣುತ್ತದೆ ಎಂದು ಸರಿಯಾಗಿ ನೋಡುವ ಮನಸ್ಸೂ ಇರಲಿಲ್ಲ. ಪೀಡೆ ತೊಲಗಿದರೆ ಸಾಕಾಗಿತ್ತು.

ಭಾನುವಾರ ಬೆಳಗ್ಗೆ ಹಾಲ್‌ನ ಬಾಗಿಲಿಗೆ ಚೆಂಡುಹೂವಿನ ತೋರಣ. ಗೇಟಿನಲ್ಲಿ ಧನರಾಜಣ್ಣ ತಂಪು ಕನ್ನಡಕ ಹಾಕಿ ಕೈ ಮುಗಿದು ನಿಂತ ಬ್ಯಾನರು. ಹೆಂಗಸರು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಗುರುಬಾಯಿ ಇಳಕಲ್ ಸೀರೆ ಉಟ್ಟಿದ್ದಳು, ತಲೆಯ ಮೇಲೆ ಸೆರಗು ಹೊದ್ದಿದ್ದಳು.

ಧನರಾಜಣ್ಣನ ಹೆಂಡತಿ ಹರಿಣಿ ಎಲ್ಲರಿಗಿಂತ ಮೊದಲು ಗಂಡನ ಫೋಟೋ ನೋಡಬೇಕೆಂದು ಕೋಣೆಗೆ ಬಂದರು. ಒಳ್ಳೆಯ ಹೆಂಗಸು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ವಿನೋದಿನಿ ಸ್ವಿಚ್ಚು ಒತ್ತಿದಳು. ಪರದೆ ಕಪ್ಪಾಗಿ, ಕಪ್ಪಿನಲ್ಲಿ ಧನರಾಜಣ್ಣ ಮೂಡಿದರು.

"ಅಯ್ಯೋ ದೇವರೇ!" ಎಂದು ಹರಿಣಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಇದೆಂತ ವಿನೋದಿನಿ, ಬೊಜ್ಜದ ಫೋಟೋವಾ?"

ಬೊಜ್ಜವೆಂದರೆ ಅವರ ಊರ ಕಡೆ ಸತ್ತವರ ಉತ್ತರಕ್ರಿಯೆ. ವಿನೋದಿನಿ ಆಗ ಮೊದಲ ಸಲ ಚಿತ್ರವನ್ನು ಚಿತ್ರವೆಂದು ನೋಡಿದಳು. ಕಪ್ಪು ಹಿನ್ನೆಲೆ, ದುಂಡಗಿನ ಮುಖ, ಕೆಳಗೆ ಉರಿಯುವ ದೀಪ, ಹೆಸರು. ಪೇಪರಿನ ಒಳಪುಟದಲ್ಲಿ ದಿನವೂ ಬರುವ ಶ್ರದ್ಧಾಂಜಲಿಯ ಹಾಗೆಯೇ ಇತ್ತು. ಮತ್ತೆ ಹುಟ್ಟಿ ಬನ್ನಿ ಎಂದು ಬರೆಯುವುದೊಂದು ಬಾಕಿ. ಅವಳಿಗೆ ತಡೆಯಲಾಗಲಿಲ್ಲ, ಪಕ್ಕನೆ ನಕ್ಕುಬಿಟ್ಟಳು. ಆ ನಗು ಅವಳಿಗೆ ದುಬಾರಿಯಾಯಿತು, ಏಕೆಂದರೆ ಅಷ್ಟರಲ್ಲಿ ಧನರಾಜಣ್ಣನೇ ಬಾಗಿಲಲ್ಲಿ ನಿಂತಿದ್ದರು.

"ಬೇಕಂತಲೇ ಮಾಡಿದ್ದು ನೀನು!"

"ದೀಪ ಹಾಕು ಅಂದದ್ದು ನೀವು."

"ದೀಪ ಹಾಕು ಅಂದೆ, ನನ್ನನ್ನು ಕೊಲ್ಲು ಅಂದೆನಾ? ಅತಿಥಿಗಳು ಬಂದಾಗಿದೆ. ಈ ಕಪ್ಪು ತೆಗಿ. ಬಿಳಿ ಹಾಕು. ದೀಪ ಬೇಡ. ಪ್ರಾರ್ಥನೆ, ಸ್ವಾಗತ, ಅತಿಥಿ ಪರಿಚಯ, ಅಷ್ಟು ಮುಗಿಯುವುದರೊಳಗೆ ಆಗಬೇಕು."

"ಇವತ್ತು ಬೇಡ ಅಣ್ಣ. ಗಡಿಬಿಡಿಯಲ್ಲಿ ಮಾಡುವ ಕೆಲಸ ಅಲ್ಲ. ಇವತ್ತು ಯಂತ್ರ ಮೊದಲೇ ಹಚ್ಚಿ ಇಡುವ, ಫೋಟೋ ಕಾಣುವುದೇ ಇಲ್ಲ. ಮುಂದಿನ ವಾರ ಬದಲಿಸ್ತೇನೆ."

"ನಾನು ಎಲ್ಲರ ಎದುರು ಸ್ವಿಚ್ಚು ಹಾಕಬೇಕು. ಫೋಟೋ ಬರಬೇಕು. ವೀಡಿಯೋದವ ಬಂದಿದ್ದಾನೆ." ಅಷ್ಟು ಹೇಳಿ ಅವರು ಹಾರ ಹಾಕಿಸಿಕೊಳ್ಳಲು ಹೋದರು.

ವಿನೋದಿನಿ ಬಿಳಿ ಚಿತ್ರ ಸಿದ್ಧಮಾಡಿಕೊಂಡು ಟೇಬಲಿನ ಕೆಳಗೆ ಬಗ್ಗಿ ನೋಡಿದರೆ ಯುಪಿಎಸ್ ಇಲ್ಲ. ಕರೆಂಟು ಹೋದರೂ ಯಂತ್ರಗಳು ಸ್ವಲ್ಪ ಹೊತ್ತು ನಡೆಯಲೆಂದು ಅವಳು ಹೇಳಿ ತರಿಸಿದ್ದ ಡಬ್ಬ ಅದು. ಹಾಲ್ ನೋಡಿಕೊಳ್ಳುವ ಚೆನ್ನಯ ಅದನ್ನು ವೇದಿಕೆಗೆ ಒಯ್ದು ಮೈಕಿಗೆ ಜೋಡಿಸಿದ್ದ.

"ಅಣ್ಣ ಮಾತಾಡುವಾಗ ಮೈಕ್ ಹೋಗಬಾರದಲ್ಲ ಅಕ್ಕ," ಎಂದ ಅವನು, ಬಹಳ ಸಹಜವಾಗಿ.

"ಹಾಗಾದ್ರೆ ಕೇಳಿ ಚೆನ್ನಯಣ್ಣ. ನಾನು ಹೇಳುವವರೆಗೆ ಯಾರೂ ಮೇನ್ ಸ್ವಿಚ್ ಮುಟ್ಟಬಾರದು. ಮುಟ್ಟಿದರೆ ಐದೂ ಸಾಯ್ತವೆ. ಅರ್ಥ ಆಯ್ತಾ?"

"ಮೇನ್ ಯಾರು ಮುಟ್ತಾರೆ ಅಕ್ಕ, ಕಾರ್ಯಕ್ರಮ ನಡೆಯುವಾಗ!"

ಮೈಕಿನಲ್ಲಿ ಪ್ರಾರ್ಥನೆ ಶುರುವಾಯಿತು. ಒಂದೊಂದೇ ಮಾಡಬೇಕಿತ್ತು, ಅದು ವಿನೋದಿನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸ್ವಾಗತ ಭಾಷಣದವರು ಆ ದಿನ ಯಾವ ಪುಣ್ಯದಿಂದಲೋ ಚುಟುಕಾಗಿ ಮುಗಿಸಿಬಿಟ್ಟರು. ಧನರಾಜಣ್ಣ ಬಾಗಿಲಿಗೆ ಬಂದು ಕಣ್ಣಿನಲ್ಲೇ ಗದರಿಸಿ ಹೋದರು. ಹಲ್ಲು ಕಚ್ಚಿಕೊಂಡು ಅವಳು ಐದಕ್ಕೂ ಒಟ್ಟಿಗೇ ಶುರು ಹಚ್ಚಿದಳು. ಐದು ಪರದೆಯ ಮೇಲೆ ಐದು ಗೆರೆ ಮೆಲ್ಲಗೆ ಮುಂದೆ ಹೊರಟವು.

ವೇದಿಕೆಯ ಮೇಲೆ ಅತಿಥಿಗಳು ದೀಪ ಬೆಳಗಿಸಲು ಎದ್ದರು. ಮೈಕಿನಲ್ಲಿ ಶ್ಲೋಕ ಬಂತು, ಶ್ಲೋಕ ಮುಗಿಯಿತು, ಪುನಃ ಮೊದಲಿಂದ ಬಂತು. ದೀಪ ಹತ್ತುತ್ತಿಲ್ಲ ಎಂದು ವಿನೋದಿನಿಗೆ ಒಳಗಿಂದಲೇ ಗೊತ್ತಾಯಿತು. ಯಾವ ಸಮಾರಂಭದಲ್ಲಿ ತಾನೇ ಮೊದಲ ಕಡ್ಡಿಗೆ ದೀಪ ಹತ್ತಿದೆ? ನಾಲ್ಕು ಜನ ಸುತ್ತಲೂ ಕೈ ಅಡ್ಡ ಹಿಡಿಯುತ್ತಾರೆ, ಬತ್ತಿ ಎಳೆಯುತ್ತಾರೆ, ಕರ್ಪೂರ ಇಡುತ್ತಾರೆ. ಆಮೇಲೆ ಒಬ್ಬರು ಕೂಗುತ್ತಾರೆ. ಆ ಕೂಗು ಏನೆಂದು ನೆನಪಾದ ಕ್ಷಣ ಅವಳು ದಡಕ್ಕನೆ ಎದ್ದಳು.

"ಫ್ಯಾನ್ ಬಂದ್ ಮಾಡಿ! ಏ ಚೆನ್ನಯ, ಫ್ಯಾನ್ ಬಂದ್ ಮಾಡು ಮಾರಾಯಾ!"

"ಬೇಡಾ!" ಎಂದು ಕಿರುಚುತ್ತ ಅವಳು ಬಾಗಿಲಿಗೆ ಓಡಿದಳು. ಹಾಲ್‌ನ ಫ್ಯಾನುಗಳಿಗೆ ಒಂದೊಂದೇ ಸ್ವಿಚ್ಚು ಹುಡುಕುವ ಗೋಜಿಗೆ ಚೆನ್ನಯ ಯಾವತ್ತೂ ಹೋದವನಲ್ಲ. ದೀಪ ಹಚ್ಚುವಾಗ ಮೇನ್ ಇಳಿಸುವುದು, ಹತ್ತಿದ ಮೇಲೆ ಏರಿಸುವುದು, ಅದೇ ಅವನ ಪದ್ಧತಿ. ಅದು ಅವನಿಗೆ ಮೇನ್ ಮುಟ್ಟಿದ ಲೆಕ್ಕವೇ ಅಲ್ಲ. ವಿನೋದಿನಿ ಹೊರಗೆ ಬರುವಷ್ಟರಲ್ಲಿ ಹಾಲ್ ಮಬ್ಬಾಗಿ, ಫ್ಯಾನುಗಳು ನಿಧಾನವಾಗಿ, ರೆಕ್ಕೆಗಳ ಮೇಲಿನ ದಾನಿಗಳ ಹೆಸರು ಒಂದೊಂದಾಗಿ ಓದುವ ಹಾಗಾದವು. ವೇದಿಕೆಯ ಮೇಲೆ ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು.

ಕರೆಂಟು ಬಂತು. ಅವಳು ಒಳಗೆ ಓಡಿ ಒಂದೊಂದೇ ಸ್ವಿಚ್ಚು ಒತ್ತಿದಳು. ಯಂತ್ರಗಳ ಒಳಗಿನ ಫ್ಯಾನು ತಿರುಗಿತು, ಸಣ್ಣ ದೀಪ ಹತ್ತಿತು, ಪರದೆಗಳು ಮಾತ್ರ ಕಪ್ಪಗೆ ಕೂತವು. ಧನರಾಜಣ್ಣನೂ ಇಲ್ಲ, ಕಂಪೆನಿಯವನೂ ಇಲ್ಲ. ಐದೂ ಸತ್ತಿದ್ದವು. ಅವಳಿಗೆ ಅಳು ಬರಲಿಲ್ಲ, ಏನನ್ನಾದರೂ ಎತ್ತಿ ಕುಕ್ಕಬೇಕೆನ್ನಿಸಿತು.

ಅಷ್ಟರಲ್ಲಿ ವೀಡಿಯೋದವನ ಬೆಳಕು ಮುಂದೆ, ಧನರಾಜಣ್ಣ ಮತ್ತು ಅತಿಥಿಗಳು ಹಿಂದೆ, ಮೆರವಣಿಗೆ ಬಂದೇ ಬಿಟ್ಟಿತು. "ಅಣ್ಣ, ಸ್ವಲ್ಪ ನಿಲ್ಲಿ," ಎಂದಳು ವಿನೋದಿನಿ. ಅವರು ಕಿವಿಗೆ ಹಾಕಿಕೊಳ್ಳದೆ ರಿಬ್ಬನ್ ಕತ್ತರಿಸಿ, ಕ್ಯಾಮರಾದ ಕಡೆ ಮುಖ ಮಾಡಿ ಸ್ವಿಚ್ಚು ಒತ್ತಿದರು. ಕಾದರು. ನಕ್ಕರು. ಪುನಃ ಒತ್ತಿದರು. ಇನ್ನೊಂದು ಯಂತ್ರಕ್ಕೆ ಹೋದರು. ಅತಿಥಿಯೊಬ್ಬರು ಕೆಮ್ಮಿದರು. ಧನರಾಜಣ್ಣನ ಕಿವಿ ಕೆಂಪಾಯಿತು.

ವೇದಿಕೆಗೆ ಮರಳಿ ಅವರು ಮೈಕು ಹಿಡಿದರು. "ಬಂಧುಗಳೇ, ನಾವು ಎಲ್ಲ ವ್ಯವಸ್ಥೆ ಮಾಡಿದ್ದೆವು. ಟೆಕ್ನಿಕಲ್ ಕೆಲಸ ಒಬ್ಬರನ್ನು ನಂಬಿ ಬಿಟ್ಟೆವು. ವಿನೋದಿನಿಯವರು ಆಫೀಸಿನ ಹಳೆಯ ಮಾಲು ತಂದು ಕೂರಿಸಿದ್ದರು. ಹಳೆಯ ಮಾಲು ಹೀಗೇ. ಅದಕ್ಕೆ ನಾನು ನಿಮ್ಮೆಲ್ಲರ ಹತ್ತಿರ ಕ್ಷಮೆ ಕೇಳ್ತೇನೆ. ಈ ರೂಮಿನ ವಿಷಯ ಕಮಿಟಿಯಲ್ಲಿ ಪುನಃ ವಿಚಾರ ಮಾಡುವ."

ಸಿಟ್ಟು ನೆತ್ತಿಗೇರುವುದು ಎಂದರೆ ಏನೆಂದು ವಿನೋದಿನಿಗೆ ಆ ಕ್ಷಣ ತಿಳಿಯಿತು. ಬಿರಬಿರನೆ ನಡೆದಳು ವೇದಿಕೆಯ ಕಡೆ. ಮೈಕು ಕಸಿದುಕೊಳ್ಳುವುದೇ, ಎಲ್ಲರ ಎದುರು ಈ ಮನುಷ್ಯನ ಬಂಡವಾಳ ಬಯಲು ಮಾಡುವುದೇ ಎಂದು ನಿರ್ಧರಿಸಿ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಪಕ್ಕದಿಂದ ಇಳಕಲ್ ಸೀರೆಯೊಂದು ಅವಳನ್ನು ದಾಟಿ ಮೇಲೆ ಹೋಯಿತು. ಗುರುಬಾಯಿ. ಮೊಣಕಾಲು ಹಿಡಿದುಕೊಂಡು ಮೇಲೆ ಹತ್ತಿದವಳು ಧನರಾಜಣ್ಣನ ಮುಂದೆ ನಿಂತು ಕೈ ಮುಗಿದಳು.

"ಸಾಹೇಬ್ರ, ನಮ್ಮ ಟೀಚರ್ ಅಕ್ಕಾರದು ತಪ್ಪಾಗೇತ್ರಿ. ಅವರ ಪರವಾಗಿ ನಾವೆಲ್ಲಾರೂ ಕ್ಷಮಾ ಕೇಳ್ತೀವ್ರಿ. ಕ್ಲಾಸ್ ಒಂದು ಬಂದ್ ಮಾಡಬ್ಯಾಡ್ರಿ."

ಜನ ಚಪ್ಪಾಳೆ ತಟ್ಟಿದರು. ಧನರಾಜಣ್ಣ ದೊಡ್ಡ ಮನಸ್ಸಿನವರ ಹಾಗೆ ಗುರುಬಾಯಿಯ ತಲೆಯ ಮೇಲೆ ಕೈ ಆಡಿಸಿದರು. ವಿನೋದಿನಿ ಮೆಟ್ಟಿಲ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು ಇಟ್ಟು ನಿಂತೇ ಇದ್ದಳು.

ಊಟಕ್ಕೆ ಸಾಲು ಹಚ್ಚಿದಾಗ ಅವಳು ಗುರುಬಾಯಿಯನ್ನು ಕೈ ಹಿಡಿದು ಹಿತ್ತಲಿನ ಕಡೆ, ತಟ್ಟೆ ತೊಳೆಯುವಲ್ಲಿಗೆ, ಎಳೆದುಕೊಂಡು ಹೋದಳು.

"ನಾನು ಎಂತ ತಪ್ಪು ಮಾಡಿದ್ದು, ಹೇಳಿ! ನನ್ನ ಹೆಸರಿನಲ್ಲಿ ಕ್ಷಮೆ ಕೇಳಲಿಕ್ಕೆ ನಿಮಗೆ ಯಾರು ಹೇಳಿದ್ದು? ಕರೆಂಟು ತೆಗೆದವ ಅವನು, ಗಡಿಬಿಡಿ ಮಾಡಿಸಿದವ ಇವರು. ಯಂತ್ರ ನನ್ನದು ಗುರುಬಾಯಿ! ಇವತ್ತೇ ಎತ್ತಿಕೊಂಡು ಹೋಗ್ತೇನೆ. ನಮ್ಮ ಮನೆಯಲ್ಲಿ ಕ್ಲಾಸ್ ಮಾಡುವ. ಈ ಮನುಷ್ಯನ ಹಂಗು ಯಾರಿಗೆ ಬೇಕು!"

"ನಿಮ್ಮ ಮನ್ಯಾಗೇನ್ರಿ?" ಗುರುಬಾಯಿ ಕೈ ಬಿಡಿಸಿಕೊಂಡಳು. ಅವಳ ಕಣ್ಣಿನಲ್ಲೂ ಬೆಂಕಿ ಇತ್ತು. ಅದನ್ನು ವಿನೋದಿನಿ ಎಂದೂ ಕಂಡಿರಲಿಲ್ಲ. "ನಿಮ್ಮ ಬಿಲ್ಡಿಂಗಿನ್ಯಾಗ ನಾವ್ ಹನ್ನೊಂದ್ ಮಂದಿ ಹೆಣ್ಮಕ್ಕಳು ಲಿಫ್ಟಿನ್ಯಾಗ ಬರಾಕ ಬಿಡ್ತಾರೇನ್ರಿ? ದೀಪಾವಳಿಗೆ ಕರದಿದ್ರಿ, ಬಂದಿದ್ದೆ. ಕೆಲಸದವ್ರಿಗೆ ಬ್ಯಾರೆ ಲಿಫ್ಟು ಅಂತ ವಾಚ್‌ಮನ್ ತಡದ. ಬ್ಯಾರೆ ಲಿಫ್ಟು ಕೆಟ್ಟಿತ್ತು. ಏಳನೇ ಮಾಳಿಗಿ, ಈ ಮೊಣಕಾಲ ತಗೊಂಡು ಹತ್ತಿ ಬಂದೆ. ನಿಮಗ ಹೇಳಲಿಲ್ಲ."

ಕೆಲಸದವರಿಗೆ ಬೇರೆ ಲಿಫ್ಟು ಎಂದು ಬರೆದ ಬೋರ್ಡು ಲಿಫ್ಟಿನ ಪಕ್ಕದಲ್ಲೇ ಇದೆ, ವಿನೋದಿನಿ ಅದನ್ನು ದಿನವೂ ದಾಟಿ ಹೋಗುತ್ತಾಳೆ.

"ಸಿಟ್ಟು ನಿಮಗಷ್ಟ ಬರ್ತೈತೇನ್ರಿ ಅಕ್ಕಾರ? ನನಗೂ ಬರ್ತೈತಿ. ಆದ್ರ ನನ್ನ ಸಿಟ್ಟಿಗೆ ಯಾರರ ಚಪ್ಪಾಳಿ ಹೊಡೀತಾರೇನು? ನಾ ಗುಡಸೂ ಗೇಟಿನ ಮ್ಯಾಲ ಯಾರ್ದೋ ಹೆಸರೈತಿ, ಒಂದ ದಿನ ಆ ಹೆಸರಿನ ಕೂಡ ಜಗಳಾ ಆಡಿಲ್ಲ. ಫೋಟೋ ಯಾರದರ ಇರ್ಲಿ, ನನಗೇನ್ ಆಗಬೇಕಾಗೇತಿ? ನನಗ ಬೇಕಾಗಿದ್ದು ಈ ಬಾಗಲಾ. ವಾರದಾಗ ಒಂದ ದಿನ ಕಲತ್ರ ಕೀಬೋರ್ಡಿನ ಮ್ಯಾಲ ಬಟ್ಟು ಮುಂದ್ ಹೋಗಾಂಗಿಲ್ಲ. ಉಳದ ದಿನ ರೂಢಿ ಮಾಡಾಕ ಬಂದ್ರ ಚೆನ್ನಯಣ್ಣ ಮದವಿ ಐತಿ, ಮೀಟಿಂಗ್ ಐತಿ ಅಂತ ಕೀಲಿ ಕೊಡೂದಿಲ್ಲ. ಎಷ್ಟ ಸರ್ತಿ ಬಾಗಲಾ ನೋಡಿ ಹೊಳ್ಳಿ ಹೋಗೇವಿ, ನಿಮಗ ಗೊತ್ತೇನು? ಜಗಳಾ ಆಡೂದಿದ್ರ ಅದಕ್ಕ ಆಡ್ರಿ."

ತಟ್ಟೆ ತೊಳೆಯುವ ನಲ್ಲಿ ಸೋರುತ್ತಿತ್ತು. ವಿನೋದಿನಿ ಅದನ್ನು ಬಿಗಿಯಾಗಿ ತಿರುಗಿಸಿದಳು, ನಿಲ್ಲಲಿಲ್ಲ.

"ಸತ್ತ ಮಶೀನು ಹೊಳ್ಳಿ ಎಬ್ಬಸಾಕ ಬರ್ತೈತೇನ್ರಿ?" ಎಂದು ಗುರುಬಾಯಿ ದನಿ ತಗ್ಗಿಸಿ ಕೇಳಿದಳು.

"ಬರ್ತದೆ. ಚಿಪ್ಪಿಗೆ ನೇರವಾಗಿ ಕ್ಲಿಪ್ಪು ಕಚ್ಚಿಸಿ, ಇನ್ನೊಂದು ಕಂಪ್ಯೂಟರಿನಿಂದ ಬರೆಯುವ ಸಾಮಾನು ನನ್ನ ಹತ್ತಿರ ಉಂಟು. ಮೊದಲಿದ್ದದ್ದನ್ನು ತೆಗೆದು ಇಟ್ಟಿದ್ದೇನೆ."

"ಇದು ಅವರಿಗೆ ಗೊತ್ತೈತೇನು?"

"ಇಲ್ಲ."

"ಮತ್ತ?" ಎಂದಳು ಗುರುಬಾಯಿ.

ಧನರಾಜಣ್ಣ ಅತಿಥಿಗಳ ಜೊತೆ ಕೋರಿ ರೊಟ್ಟಿ ತಿನ್ನುತ್ತ ನಿಂತಿದ್ದರು. ವಿನೋದಿನಿ ಅವರ ಎದುರಿಗೆ ಹೋಗಿ ನಿಂತಳು. ಸಿಟ್ಟು ಎಲ್ಲಿಯೂ ಹೋಗಿರಲಿಲ್ಲ. ಈಗ ಅದಕ್ಕೊಂದು ಕೆಲಸ ಸಿಕ್ಕಿತ್ತು.

"ಧನರಾಜಣ್ಣ, ಯಂತ್ರ ಅಂಗಡಿಗೆ ಕೊಟ್ಟರೆ ಬೋರ್ಡು ಹೋಗಿದೆ, ಹೊಸತು ಹಾಕಿ ಅಂತಾರೆ. ಹಾಕಿಸಿ ಬೇಕಾದ್ರೆ. ನಾನು ಕೂತರೆ ಇದೇ ಬೋರ್ಡು ಎದ್ದೇಳ್ತದೆ, ನಿಮ್ಮ ಫೋಟೋ ಸಮೇತ. ಬಿಳಿ ಹಿನ್ನೆಲೆ, ದೀಪ ಇಲ್ಲ, ನೀವು ಹೇಳಿದ ಹಾಗೆ."

"ಅದನ್ನು ಮೊದಲೇ ಹೇಳಬಾರದಾ ಮಾರಾಯ್ತಿ?" ಅವರ ಮುಖ ಅರಳಿತು.

"ಆದ್ರೆ ರೂಮಿನ ಕೀ ಗುರುಬಾಯಿಯ ಕೈಗೆ ಕೊಡಬೇಕು. ವಾರದ ಯಾವ ದಿನ ಬೇಕಾದರೂ ಅವರು ಬಾಗಿಲು ತೆಗೀತಾರೆ. ಹಂಡೆ ಸೌಟಿನ ಸುದ್ದಿ ಇನ್ನು ಮೇಲೆ ಯಾರೂ ಎತ್ತಬಾರದು. ಅದನ್ನು ನೀವು ಇವತ್ತು, ಇದೇ ಮೈಕಿನಲ್ಲಿ ಹೇಳಬೇಕು."

ಅರಳಿದ ಮುಖ ಗಂಟಿಕ್ಕಿತು. "ಝಾಡು ಹೊಡೆಯುವವಳ ಕೈಗೆ ಬಳಗದ ಕೀಯಾ? ನಿನಗೆ ತಲೆ ಸರಿ ಉಂಟಾ?"

"ತಲೆ ಸರಿ ಉಂಟು!" ವಿನೋದಿನಿಯ ದನಿ ಏರಿತು, ಸಾಲಿನಲ್ಲಿದ್ದವರು ತಿರುಗಿ ನೋಡಿದರು, ಅವಳು ಇಳಿಸಲಿಲ್ಲ. "ಮುಖ ಕಾಣಬೇಕು ಅಂತಲ್ವಾ ಇಷ್ಟೆಲ್ಲ ರಾದ್ಧಾಂತ? ಯಾರಿಗೆ ಕಾಣಬೇಕು? ಇವರೆಲ್ಲ ಒಂದು ದಿನವಾದರೂ ಆ ರೂಮಿಗೆ ಬರ್ತಾರಾ? ಬರುವವರು ಝಾಡು ಹೊಡೆಯುವವರೇ. ಅವರು ಬಾಗಿಲು ತೆಗೆದು ಸ್ವಿಚ್ಚು ಹಾಕಿದರೆ ನೀವು ಕಾಣ್ತೀರಿ. ಬೀಗ ಹಾಕಿದ ರೂಮಿನಲ್ಲಿ ನಿಮ್ಮ ಫೋಟೋ ಯಾರು ನೋಡಬೇಕು, ಜಿರಳೆಯಾ?"

ಅತಿಥಿಗಳಲ್ಲೊಬ್ಬರು ತಟ್ಟೆಯೊಳಗೆ ಮುಖ ಹಾಕಿ ನಗು ನುಂಗಿದರು. ಧನರಾಜಣ್ಣ ಏನೋ ಹೇಳಲು ಹೊರಟಾಗ ಹರಿಣಿ ಅವರ ತೋಳು ಜಗ್ಗಿದರು.

"ಕೊಡಿ ಮಾರಾಯ್ರೆ. ಬೆಳಗ್ಗೆಯೇ ಬೊಜ್ಜದ ಹಾಗೆ ಕಂಡದ್ದು, ಆಮೇಲೆ ಐದೂ ಒಟ್ಟಿಗೆ ಆರಿಹೋದದ್ದು, ನನಗೆ ಎದೆ ಹೊಡ್ಕೊಳ್ತಾ ಉಂಟು. ಒಂದು ಒಳ್ಳೆ ಕೆಲಸ ಮಾಡಿ ಮನೆಗೆ ಹೋಗುವ."

ಧನರಾಜಣ್ಣ ಹೆಂಡತಿಯ ಮುಖ ನೋಡಿದರು, ಕಪ್ಪು ಪರದೆ ನೆನಪಾಯಿತೋ ಏನೋ, ಕೈ ತೊಳೆಯಲು ಹೋದರು.

ಮೈಕಿನಲ್ಲಿ ಆ ವಿಷಯ ಬಂದಾಗ ಅದರ ಬಣ್ಣವೇ ಬೇರೆಯಾಗಿತ್ತು. ಮಹಿಳೆಯರ ಕೈಗೆ ಶಕ್ತಿ ಕೊಡಬೇಕೆಂಬುದು ತಮ್ಮ ಬಹುದಿನದ ಕನಸೆಂದೂ, ಇಂದು ಕೋಣೆಯ ಕೀಲಿಯನ್ನು ಒಬ್ಬ ಶ್ರಮಜೀವಿ ತಾಯಿಯ ಕೈಗೆ ಇಡುತ್ತಿರುವುದಾಗಿಯೂ ಧನರಾಜಣ್ಣ ಸಾರಿದರು. ಗುರುಬಾಯಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ದಿನದ ಅತ್ಯಂತ ದೊಡ್ಡ ಚಪ್ಪಾಳೆ ಆಗ ಬಿತ್ತು. ವಿನೋದಿನಿ ಹಿಂದಿನ ಸಾಲಿನಲ್ಲಿ ಕೂತು ಕುರ್ಚಿಯ ಕೈಯನ್ನು ಮುರಿದುಹೋಗುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಗೆದ್ದವಳು ತಾನು, ಮೆರೆಯುತ್ತಿರುವವರು ಅವರು. ಗುರುಬಾಯಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದಳು, ಫೋಟೋದಲ್ಲಿ ನಗಬೇಕೆಂಬುದೂ ಅವಳಿಗೆ ನೆನಪಿರಲಿಲ್ಲ.

ಆ ವಾರ ವಿನೋದಿನಿ ಬೋರ್ಡುಗಳನ್ನು ಬಿಚ್ಚಿ ಮನೆಗೆ ತಂದು, ಆಫೀಸಿನಿಂದ ಬಂದ ಮೇಲೆ ಒಂದೊಂದಾಗಿ ಎಬ್ಬಿಸಿದಳು. ಲಿಫ್ಟಿನ ಪಕ್ಕದ ಬೋರ್ಡಿನ ವಿಚಾರಕ್ಕೆ ಸೊಸೈಟಿಯ ಸೆಕ್ರೆಟರಿಯ ಹತ್ತಿರ ಹೋಗಿ ಜೋರು ಮಾತಾಡಿದಳು. ನಿಯಮ ಎಲ್ಲರಿಗೂ ಒಂದೇ ಎಂದ ಅವನು. ಆ ಜಗಳ ಇನ್ನೂ ನಡೆದೇ ಇದೆ.

ಮುಂದಿನ ಭಾನುವಾರ ಅವಳು ಹೋದಾಗ ಬಾಗಿಲು ತೆರೆದಿತ್ತು. ನೆಲ ಒರೆಸಿ ಆಗಿತ್ತು. ಹೆಂಗಸರು ಕೂತು ಕಾಯುತ್ತಿದ್ದರು. ಬೋರ್ಡುಗಳನ್ನು ಕೂರಿಸಿ, ತಂತಿ ಸಿಕ್ಕಿಸಿ, "ಹಾಕಿ ಈಗ" ಎಂದಳು. ಐದು ಸ್ವಿಚ್ಚು ಒಟ್ಟಿಗೆ ಬಿದ್ದವು. ಐದು ಪರದೆಯ ಮೇಲೆ ಬಿಳಿ ಹರಡಿ, ಐದು ಧನರಾಜಣ್ಣ ಒಮ್ಮೆಲೇ ಮೂಡಿ ಹಲ್ಲು ಬಿಟ್ಟರು. ವಿನೋದಿನಿಯ ರಕ್ತ ಕುದಿಯಿತು. ಇದನ್ನು ಪ್ರತಿ ಭಾನುವಾರ, ತಾನು ಬದುಕಿರುವಷ್ಟು ಕಾಲ, ಬೋರ್ಡು ಬದುಕಿರುವಷ್ಟು ಕಾಲ ನೋಡಬೇಕು. ಈ ಹೆಂಗಸರೂ ನೋಡಬೇಕು, ನೋಡಿ ನೋಡಿ ಇವರೇ ನಮಗೆ ಅನ್ನ ಕೊಟ್ಟವರು ಎಂದು ನಂಬಬೇಕು.

"ಬಂತಲ್ಲ ಫೋಟೋ," ಎಂದಳು ಗುರುಬಾಯಿಗೆ, ಕಹಿಯಾಗಿ. "ಹೇಗೆ ಕಂಡಿತು?"

"ಯಾವ ಫೋಟೋರಿ?"

ಗುರುಬಾಯಿ ತಲೆ ತಗ್ಗಿಸಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಒಂದೊಂದೇ ಬೆರಳು, ಕೀಬೋರ್ಡಿಗೆ ನೀರು ತಾಗಬಾರದೆಂದು. ಒರೆಸಿ ಮುಗಿಸಿ ಅವಳು ತಲೆ ಎತ್ತುವಷ್ಟರಲ್ಲಿ ಮುಖ ಮಾಯವಾಗಿ, ಬರೆಯುವ ಹಾಳೆ ತೆರೆದುಕೊಳ್ಳಲು ಅಣಿಯಾಗಿತ್ತು. ಉಳಿದವರ ಕಣ್ಣುಗಳೂ ಕೀಬೋರ್ಡಿನ ಮೇಲೆಯೇ ಇದ್ದವು, ಹಿಂದಿನ ಕ್ಲಾಸಿನಲ್ಲಿ ಕಲಿತ ಅಕ್ಷರ ಎಲ್ಲಿದೆ ಎಂದು ಹುಡುಕುತ್ತಿದ್ದವು. ಆ ಕೋಣೆಯಲ್ಲಿ ಧನರಾಜಣ್ಣನ ಮುಖವನ್ನು ದಿಟ್ಟಿಸುತ್ತ ಕೂತವಳು ವಿನೋದಿನಿ ಒಬ್ಬಳೇ.